ಬಳ್ಳಾರಿ ಊರ ನಡುವೆ ಮನೆ: ಹಳೆಪೇಟೆಯ ಓಣಿಯಾ, ಗಾಂಧಿನಗರದ ಮಹಡಿಯಾ, ಫ್ಲ್ಯಾಟಾ?

ಕಳೆದ ಎರಡು ತಿಂಗಳಲ್ಲಿ ಮೂರು ಮನೆಯವರು ನನ್ನ ಹತ್ತಿರ ಒಂದೇ ಮಾತು ಕೇಳಿದರು. "ಅಕ್ಕಾ, ಬಳ್ಳಾರಿಯಲ್ಲಿ ಊರ ನಡುವೆಯೇ ಮನೆ ಬೇಕು. ಎಲ್ಲಿ ನೋಡೋಣ?" ಒಬ್ಬಳು ವಿಮ್ಸ್‌ನಲ್ಲಿ ಅಂದರೆ ಊರಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್. ರಾಯಚೂರು ಕಡೆಯ ಹುಡುಗಿ, ಒಬ್ಬಳೇ ಇರಬೇಕು. ಇನ್ನೊಬ್ಬರು ಸಿರುಗುಪ್ಪದಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಂಡತಿಯ ಜತೆ ಇಲ್ಲಿಗೆ ಬಂದು ನೆಲೆಸಬೇಕು ಅಂತ ಅವರ ಆಸೆ. ಮೂರನೆಯವರು ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಸುವ ಗಂಡ-ಹೆಂಡತಿ. ಅವರ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ.

ಮೂವರ ಕೈಯಲ್ಲಿರುವ ದುಡ್ಡು ಬೇರೆ, ಅಗತ್ಯ ಬೇರೆ. ಆದರೂ ಮೂವರಿಗೂ ನಾನು ಮೊದಲು ಹೇಳಿದ್ದು ಒಂದೇ. ಮನೆಯ ಹಾಲ್ ನೋಡುವ ಮುಂಚೆ ಸಂಪಿನ ಮುಚ್ಚಳ ತೆಗೆಸಿ ನೋಡಿ. ಆಮೇಲೆ ಮಾಳಿಗೆ ಹತ್ತಿ. ಈ ಎರಡರಲ್ಲಿ ಪಾಸಾಗದ ಮನೆಯ ಒಳಗೆ ಎಷ್ಟು ಚೆಂದದ ಟೈಲ್ಸ್ ಇದ್ದರೂ ಎರಡನೇ ಬೇಸಿಗೆಗೆ ನೀವು ಬೇರೆ ಮನೆ ಹುಡುಕುತ್ತೀರಿ.

ನಾನು ಹುಟ್ಟಿ ಬೆಳೆದದ್ದು ತೇರು ಬೀದಿಯ ಹಿಂದಿನ ಒಂದು ಓಣಿಯಲ್ಲಿ. ಮದುವೆಯಾದ ಮೇಲೆ ಒಂಬತ್ತು ವರ್ಷ ಗಾಂಧಿನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಈಗ ಆರು ವರ್ಷದಿಂದ ಫ್ಲ್ಯಾಟ್. ಮೂರೂ ಕಡೆ ಸುಖವನ್ನೂ ಕಂಡಿದ್ದೇನೆ, ಕಷ್ಟವನ್ನೂ ಕಂಡಿದ್ದೇನೆ. ಇಲ್ಲಿ ಬರೆದಿರುವುದು ಅದರಿಂದ ಕಲಿತದ್ದು.

ಊರ ನಡುವೆ ಅಂದರೆ ಎಲ್ಲಿ?

ಗಡಗಿ ಚನ್ನಪ್ಪ ವೃತ್ತ, ಅಂದರೆ ನಾವೆಲ್ಲ ರಾಯಲ್ ಸರ್ಕಲ್ ಅಂತಲೇ ಕರೆಯುವ ಜಾಗದಿಂದ ಹತ್ತು-ಹದಿನೈದು ನಿಮಿಷದ ಆಟೋ ದಾರಿಯೊಳಗೆ ಇರುವುದನ್ನು ನಾನು ಊರ ನಡು ಅಂತ ತೆಗೆದುಕೊಂಡಿದ್ದೇನೆ. ಬ್ರೂಸ್‌ಪೇಟೆ, ತೇರು ಬೀದಿ, ಕಾಳಮ್ಮ ಬೀದಿ, ಬೆಂಗಳೂರು ರಸ್ತೆಯ ಅಕ್ಕಪಕ್ಕದ ಓಣಿಗಳು ಒಂದು ಗುಂಪು. ಗಾಂಧಿನಗರ, ಸತ್ಯನಾರಾಯಣಪೇಟೆ, ಪಾರ್ವತಿ ನಗರ, ಪಟೇಲ್ ನಗರ ಇನ್ನೊಂದು. ಕೌಲ್ ಬಜಾರ್ ಮತ್ತು ಕಂಟೋನ್ಮೆಂಟ್ ಮತ್ತೊಂದು. ಈ ಬಡಾವಣೆಗಳಲ್ಲಿ ಅಲ್ಲಲ್ಲಿ ಎದ್ದಿರುವ ಫ್ಲ್ಯಾಟ್‌ಗಳನ್ನು ಬೇರೆಯಾಗಿಯೇ ನೋಡಬೇಕು.

ಊರಾಚೆಯ ಹೊಸ ಲೇಔಟ್‌ಗಳಲ್ಲಿ ಇದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ, ಅದು ನಿಜ. ಆದರೆ ಹಲವು ಕಡೆ ಅದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಸರಿಯಾಗಿ ಹಾಕದಿದ್ದರೆ ಗೋಡೆಯೂ ಬಿರಿಯುತ್ತದೆ. ಮಗುವಿಗೆ ಜ್ವರ ಬಂದರೆ, ಗ್ಯಾಸ್ ಮುಗಿದರೆ, ಅಮ್ಮನಿಗೆ ಗುಡಿಗೆ ಹೋಗಬೇಕು ಅನಿಸಿದರೆ ಪ್ರತಿ ಸಲ ಗಾಡಿ ತೆಗೆಯಬೇಕು. ಅದಕ್ಕೇ ಜನ ಸಣ್ಣ ಮನೆಯಾದರೂ ಸರಿ, ಊರೊಳಗೆ ಇರಲಿ ಅನ್ನುತ್ತಾರೆ. ನಾನೂ ಆ ಕಡೆಯವಳೇ.

ಮೊದಲು ನೀರು

ಬಳ್ಳಾರಿಗೆ ಕುಡಿಯುವ ನೀರು ಬರುವುದು ತುಂಗಭದ್ರೆಯಿಂದ. ಕಾಲುವೆಯಲ್ಲಿ ನೀರು ಹರಿಯುವಾಗ ಅಲ್ಲಿಪುರ, ಮೋಕಾ ಕಡೆಯ ಕೆರೆಗಳನ್ನು ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಅದರಲ್ಲೇ ಬೇಸಿಗೆ ದಾಟಬೇಕು. ಹಾಗಾಗಿ ನಳ ದಿನಾ ಬರುವುದಿಲ್ಲ. ಒಂದು ಬೀದಿಗೆ ಬರುವ ದಿನ ಪಕ್ಕದ ಬೀದಿಗೆ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ನಮ್ಮ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನಮ್ಮ ಸಂಪಿನಲ್ಲಿ ಎಷ್ಟು ದಿನದ ನೀರಿದೆ?

ಈ ಲೆಕ್ಕವನ್ನು ಮನೆ ಹಿಡಿಯುವ ಮುಂಚೆಯೇ ಹಾಕಿ. ಊರುಗಳಿಗೆ ನೀರು ಯೋಜನೆ ಮಾಡುವವರು ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ. ನಾಲ್ಕು ಜನರ ಮನೆಗೆ 540 ಲೀಟರ್. ಎಂಟು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಾದರೆ ಸುಮಾರು 4,300 ಲೀಟರ್ ಕೂಡಿಡಬೇಕು. ಒಂದು ಘನ ಅಡಿ ಜಾಗದಲ್ಲಿ ಸುಮಾರು 28 ಲೀಟರ್ ಹಿಡಿಯುತ್ತದೆ. ಅಂದರೆ ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಸಂಪು ಒಂದು ಸಂಸಾರಕ್ಕೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಅದೇ ಸಂಪನ್ನು ಮೂರು ಸಂಸಾರ ಹಂಚಿಕೊಂಡಿದ್ದರೆ ಮೂರನೇ ದಿನಕ್ಕೇ ತಳ ಕಾಣುತ್ತದೆ.

ಓನರ್ "ನೀರಿಗೇನೂ ತೊಂದರೆ ಇಲ್ಲ" ಅಂದರೆ ಅಲ್ಲಿಗೇ ಬಿಡಬೇಡಿ. ಪಕ್ಕದ ಮನೆಯ ಹೆಂಗಸರನ್ನು ಕೇಳಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ರಾತ್ರಿ ಎರಡಕ್ಕೆ ಬರುತ್ತದಾ, ಜೋರಾಗಿ ಬರುತ್ತದಾ. ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬೋರ್ ಇದ್ದರೆ ಒಂದು ಲೋಟ ನೀರು ತೆಗೆಸಿ ನಾಲಿಗೆಗೆ ಹಚ್ಚಿ. ನಮ್ಮ ಕಡೆ ಎಷ್ಟೋ ಬೋರಿನ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಗೀಸರ್ ಬೇಗ ಹಾಳಾಗುತ್ತದೆ, ಬೇಳೆ ಬೇಯಲು ತಡವಾಗುತ್ತದೆ. ಅದು ಪಾತ್ರೆ ತೊಳೆಯಲು, ನೆಲ ಒರೆಸಲು ಸಾಕು. ಅಡುಗೆಗೆ ನಳದ ನೀರೇ ಬೇಕು. ಕೊನೆಯದಾಗಿ, ಓಣಿಯೊಳಗೆ ಟ್ಯಾಂಕರ್ ಬರುತ್ತದಾ ಅಂತ ಅಳತೆ ಕಣ್ಣಲ್ಲೇ ಹಾಕಿ.

ಆಮೇಲೆ ಬಿಸಿಲು

ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹೊರಗೆ ಹೋದಾಗಿನ ಬಿಸಿಲಿಗಿಂತ ರಾತ್ರಿ ಮನೆಯೊಳಗೆ ಉಳಿಯುವ ಕಾವು ಜಾಸ್ತಿ ಕಾಡುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೊಂದರವರೆಗೂ ಆ ಬಿಸಿಯನ್ನು ಕೆಳಗೆ ಬಿಡುತ್ತಲೇ ಇರುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿ ತಲೆ ಮೇಲೆ ಸುತ್ತುತ್ತದೆ.

ನಮ್ಮ ಓಣಿ ಮನೆಯ ಮೇಲೆ ಮೊದಲು ಮಣ್ಣಿನ ಮಾಳಿಗೆ ಇತ್ತು. ತೊಲೆ, ಜಂತೆ, ಅದರ ಮೇಲೆ ದಪ್ಪಗೆ ಮಣ್ಣು. ನಾನು ಹೈಸ್ಕೂಲಲ್ಲಿದ್ದಾಗ ಅಪ್ಪ ಅದನ್ನು ಕೆಡವಿಸಿ ಸ್ಲ್ಯಾಬು ಹಾಕಿಸಿದರು. ಸೋರುವುದು ನಿಂತಿತು, ಮನೆ ಎತ್ತರವಾಗಿ ಕಂಡಿತು, ಅಪ್ಪನಿಗೆ ತುಂಬ ಹೆಮ್ಮೆ. ಅದೇ ಬೇಸಿಗೆಯಿಂದ ನಾವೆಲ್ಲ ಚಾಪೆ ಎತ್ತಿಕೊಂಡು ಮಾಳಿಗೆ ಮೇಲೆ ಮಲಗಲು ಶುರು ಮಾಡಿದೆವು. ಕೆಳಗೆ ಅಜ್ಜಿ ಒಬ್ಬಳೇ. ಮೆಟ್ಟಿಲು ಹತ್ತಲು ಅವಳಿಗೆ ಆಗುತ್ತಿರಲಿಲ್ಲ. ಒದ್ದೆ ಸೀರೆ ಕಿಟಕಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಮನೆ ನೋಡಲು ಹೋದಾಗ ನಾನು ಮೊದಲು ತಲೆ ಎತ್ತಿ ಸೂರು ನೋಡುವುದು ಅದಕ್ಕೇ.

ಮನೆಯನ್ನು ಬೆಳಿಗ್ಗೆ ಹತ್ತಕ್ಕೆ ನೋಡಬೇಡಿ. ಮಧ್ಯಾಹ್ನ ಮೂರಕ್ಕೆ ಹೋಗಿ, ಆಮೇಲೆ ರಾತ್ರಿ ಎಂಟಕ್ಕೆ ಇನ್ನೊಮ್ಮೆ ಹೋಗಿ. ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಮಲಗುವ ಕೋಣೆ ಪಡುವಣಕ್ಕೆ ಇದ್ದು, ಮೇಲೆ ಬರೀ ಸ್ಲ್ಯಾಬ್ ಇದ್ದರೆ ಬಾಡಿಗೆಯಲ್ಲಿ ಎಷ್ಟು ಕಡಿಮೆ ಮಾಡಿದರೂ ಕರೆಂಟ್ ಬಿಲ್ಲಿನಲ್ಲಿ ಅದು ಹೋಗುತ್ತದೆ. ಮೇಲೆ ಇನ್ನೊಂದು ಮಹಡಿ ಇರುವ ಮನೆಯೇ ಒಳ್ಳೆಯದು. ಇಲ್ಲದಿದ್ದರೆ ಮಾಳಿಗೆಗೆ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಬಳಿಸಲು ಓನರ್ ಒಪ್ಪುತ್ತಾರಾ ಕೇಳಿ. ಸಣ್ಣ ಖರ್ಚು, ಫರಕು ಚೆನ್ನಾಗಿಯೇ ಗೊತ್ತಾಗುತ್ತದೆ. ನಮ್ಮದು ಒಣ ಬಿಸಿಲಾದ್ದರಿಂದ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎಸಿಯಷ್ಟು ಕರೆಂಟೂ ತಿನ್ನುವುದಿಲ್ಲ. ಆದರೆ ಅದಕ್ಕೆ ದಿನಾ ಕೊಡಗಟ್ಟಲೆ ನೀರು ಬೇಕು. ಸಂಪಿನ ಲೆಕ್ಕಕ್ಕೆ ಅದನ್ನೂ ಸೇರಿಸಿ.

ಉಳಿದ ಅಳತೆಗಳು ಮನೆ ಮನೆಗೂ ಬೇರೆ. ವಯಸ್ಸಾದವರಿದ್ದರೆ ಮೆಟ್ಟಿಲು, ಗಾಡಿ ಇದ್ದರೆ ನಿಲ್ಲಿಸುವ ಜಾಗ, ಕೊಳ್ಳುವವರಿಗೆ ಕಾಗದ ಪತ್ರ, ರಾತ್ರಿ ಪಾಳಿಯವರಿಗೆ ಹಗಲಿನ ಸದ್ದು. ಒಂದೊಂದು ಕಡೆಯ ಬಗ್ಗೆ ಹೇಳುವಾಗ ಇವನ್ನು ಎತ್ತಿಕೊಳ್ಳುತ್ತೇನೆ.

ಬ್ರೂಸ್‌ಪೇಟೆ, ತೇರು ಬೀದಿ ಕಡೆಯ ಓಣಿ ಮನೆ

ದಪ್ಪ ಗೋಡೆ, ಕಡಪ ಕಲ್ಲಿನ ನೆಲ, ಮುಂದೆ ಕೂರಲು ಕಟ್ಟೆ, ನಡುವೆ ಪಡಸಾಲೆ, ಮೇಲಿಂದ ಬೆಳಕಿಂಡಿ. ಹಳೆ ಮಾಳಿಗೆ ಇನ್ನೂ ಉಳಿದಿರುವ ಮನೆ ಸಿಕ್ಕರೆ ಮೇ ತಿಂಗಳ ಮಧ್ಯಾಹ್ನವೂ ಪಡಸಾಲೆಯಲ್ಲಿ ಬರೀ ನೆಲದ ಮೇಲೆ ನಿದ್ದೆ ಬರುತ್ತದೆ. ಬಿಸಿಲಿನ ಪರೀಕ್ಷೆಯಲ್ಲಿ ಊರಲ್ಲಿ ಇದಕ್ಕೆ ಸಮ ಇಲ್ಲ.

ನಡೆದು ಹೋಗುವ ಸುಖವೂ ಇಲ್ಲೇ ಜಾಸ್ತಿ. ತರಕಾರಿ, ಕಿರಾಣಿ, ಟೈಲರ್, ಬಟ್ಟೆ ಅಂಗಡಿ, ಔಷಧಿ ಅಂಗಡಿ ಎಲ್ಲ ಕಾಲಳತೆಯಲ್ಲಿ. ಬೆಳಿಗ್ಗೆ ಅಡುಗೆ ಮಾಡಲು ಆಗದಿದ್ದರೆ ಒಗ್ಗರಣೆ-ಮಿರ್ಚಿ ಕಟ್ಟಿಸಿಕೊಂಡು ಬರಲು ಐದು ನಿಮಿಷ. ಕೋಟೆ ಮಲ್ಲೇಶ್ವರನ ತೇರು ಬಂದಾಗ ಮನೆ ತುಂಬ ನೆಂಟರು. ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟೊಟ್ಟಿಗೆ ಕೇಳಿಸುತ್ತವೆ. ಅಪ್ಪ ತೀರಿಕೊಂಡ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಹನ್ನೊಂದು ದಿನ ಓಣಿಯವರೇ ಸರತಿ ಮೇಲೆ ಊಟ ಕಳಿಸಿದರು. ಇದಕ್ಕೆ ಬೆಲೆ ಕಟ್ಟುವುದು ನನಗೆ ಗೊತ್ತಿಲ್ಲ. ಆದರೆ ಮನೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಈಗ ಇನ್ನೊಂದು ಕಡೆ. ಇಂಥ ಮನೆ ಕಟ್ಟುವ ಕಾಲಕ್ಕೆ ಸಂಪು ಅನ್ನುವುದೇ ಇರಲಿಲ್ಲ. ಬಚ್ಚಲ ಹಂಡೆ, ಹಿತ್ತಲ ತೊಟ್ಟಿ ಅಷ್ಟೇ. ಆಮೇಲೆ ತೋಡಿಸಿದ ಸಂಪುಗಳು ಜಾಗ ಸಾಲದೆ ಸಣ್ಣದಾಗಿರುತ್ತವೆ. ಎಷ್ಟೋ ಓಣಿಗಳಿಗೆ ಟ್ಯಾಂಕರ್ ಬರುವುದಿಲ್ಲ, ದೂರದಿಂದ ಪೈಪ್ ಎಳೆಯಬೇಕು. ಕಾರು ಇದ್ದರೆ ಬೀದಿ ಕೊನೆಯಲ್ಲಿ ಎಲ್ಲಾದರೂ ನಿಲ್ಲಿಸಿ ನಡೆದು ಬರಬೇಕು. ಆಂಬುಲೆನ್ಸ್ ಬಾಗಿಲವರೆಗೆ ಬರುತ್ತದಾ ಅಂತ ವಯಸ್ಸಾದವರು ಇರುವ ಮನೆಯವರು ಖಂಡಿತ ನೋಡಬೇಕು. ಬಚ್ಚಲು, ಶೌಚಾಲಯ ಹಿತ್ತಲ ತುದಿಯಲ್ಲಿದ್ದರೆ ರಾತ್ರಿ ಎದ್ದು ಹೋಗುವವರಿಗೆ ಕಷ್ಟ. ಒಳಚರಂಡಿ ಸಂಪರ್ಕ ಸರಿಯಾಗಿದೆಯಾ ನೋಡಿ.

ಮಣ್ಣಿನ ಮಾಳಿಗೆಗೆ ವರ್ಷ ವರ್ಷ ಆರೈಕೆ ಬೇಕು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಬಿರುಕು ಮುಚ್ಚಿ, ಸವಳು ಮಣ್ಣು ಹರಡಿ, ಮಳೆ ನೀರು ಹೊರಗೆ ಬೀಳುವ ದೋಣಿ ಕಟ್ಟಿಕೊಂಡಿದ್ದರೆ ಬಿಡಿಸಬೇಕು. ಆ ಕೆಲಸ ಬಲ್ಲವರು ಈಗ ಕಡಿಮೆ. ತೊಲೆಗೆ ಗೆದ್ದಲು ಹಿಡಿದಿದ್ದರೆ ಸೂರು ಬಾಗಲು ಶುರುವಾಗುತ್ತದೆ. ಬಡಗಿಯನ್ನು ಕರೆದುಕೊಂಡು ಹೋಗಿ ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ತಟ್ಟಿಸಿ ನೋಡಿ. ಗೆದ್ದಲು ಮೊದಲು ಸೇರುವುದು ಅಲ್ಲೇ.

ಕೊಳ್ಳುವವರಿಗೆ ಇನ್ನೂ ದೊಡ್ಡ ಮಾತು ಕಾಗದದ್ದು. ಇಂಥ ಮನೆ ಅಜ್ಜ, ಮುತ್ತಜ್ಜನ ಹೆಸರಲ್ಲಿ ನಿಂತುಹೋಗಿರುತ್ತದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತಲ್ಲ, ಹಾಗಾಗಿ ಹಳೆ ಪತ್ರಗಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಸಿಕ್ಕರೆ ಗಾಬರಿ ಬೇಡ. ಓದಿ ಹೇಳುವ ವಕೀಲರು ಊರಲ್ಲೇ ಇದ್ದಾರೆ. ಗಾಬರಿಯಾಗಬೇಕಾದದ್ದು ವಾರಸುದಾರರ ಪಟ್ಟಿ ನೋಡಿ. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. "ಅಕ್ಕತಂಗೇರು ಏನೂ ಕೇಳಲ್ಲರೀ" ಅನ್ನುವ ಮಾತಿನ ಮೇಲೆ ದುಡ್ಡು ಕೊಡಬೇಡಿ. ನಮ್ಮ ಮನೆ ಮಾರುವಾಗ ಕೊಳ್ಳಲು ಬಂದವರು ನಮ್ಮ ಸೋದರತ್ತೆಯ ಸಹಿ ಬೇಕೇ ಬೇಕು ಅಂತ ಏಳು ತಿಂಗಳು ಕಾದರು. ಆಗ ನಮಗೆ ಬೇಸರವಾಗಿತ್ತು. ಅವರು ಮಾಡಿದ್ದೇ ಸರಿ ಅಂತ ಈಗ ಅನಿಸುತ್ತದೆ.

ಗೋಡೆ ಎರಡು ಮನೆಗೂ ಸೇರಿದ್ದಾ ಅನ್ನುವುದನ್ನೂ ಬರವಣಿಗೆಯಲ್ಲಿ ತಿಳಿದುಕೊಳ್ಳಿ. ನಾಳೆ ಕೆಡವಿ ಕಟ್ಟುವಾಗ ಜಗಳ ಹುಟ್ಟುವುದು ಅಲ್ಲಿಂದ. ಕಟ್ಟಲು ಪಾಲಿಕೆಯ ಪರವಾನಗಿ ಬೇಕು, ಸುತ್ತ ಬಿಡಬೇಕಾದ ಜಾಗ ಬಿಟ್ಟರೆ ಕಿರಿದಾದ ಸೈಟಿನಲ್ಲಿ ಉಳಿಯುವುದು ಎಷ್ಟು ಅಂತ ಮೊದಲೇ ಇಂಜಿನಿಯರ್ ಹತ್ತಿರ ಗೆರೆ ಹಾಕಿಸಿ. ಬ್ಯಾಂಕಿನವರು ಹಳೆ ಮಣ್ಣಿನ ಕಟ್ಟಡಕ್ಕೆ ಬೆಲೆ ಕಡಿಮೆ ಕಟ್ಟುವುದರಿಂದ ಸಾಲವೂ ಕಡಿಮೆ ಸಿಗುತ್ತದೆ. ಅಂದರೆ ಕೈಯಿಂದ ಹಾಕುವ ದುಡ್ಡು ಜಾಸ್ತಿ ಇರಬೇಕು.

ಗಾಂಧಿನಗರ ಕಡೆಯ ಮಹಡಿ ಮನೆ

ಮಕ್ಕಳಿರುವ ಸಂಸಾರಗಳು ಮೊದಲು ಕೇಳುವುದು ಈ ಕಡೆಯನ್ನೇ. ರಸ್ತೆ ಅಗಲ, ಅಲ್ಲಲ್ಲಿ ಬೇವಿನ ಮರ, ಶಾಲೆ, ಟ್ಯೂಷನ್, ಬ್ಯಾಂಕು, ದವಾಖಾನೆ ಎಲ್ಲ ಹತ್ತಿರ. ಕೆಳಗೆ ಓನರ್, ಮೇಲೆ ಬಾಡಿಗೆಯವರು, ಇದು ಸಾಮಾನ್ಯ ಏರ್ಪಾಡು. ಬಾಡಿಗೆ ಓಣಿಗಿಂತ ಜಾಸ್ತಿ, ಅಡ್ವಾನ್ಸೂ ಜಾಸ್ತಿ.

ಸಂಪು ಇಲ್ಲಿ ದೊಡ್ಡದಿರುತ್ತದೆ, ಟ್ಯಾಂಕರ್ ಬಾಗಿಲಿಗೇ ಬರುತ್ತದೆ. ಆದರೆ ಮೋಟಾರಿನ ಸ್ವಿಚ್ ಯಾರ ಕೈಯಲ್ಲಿದೆ? ನಾವಿದ್ದ ಮನೆಯಲ್ಲಿ ಅದು ಕೆಳಗಿನವರ ಅಡುಗೆಮನೆಯಲ್ಲಿತ್ತು. ಬೆಳಿಗ್ಗೆ ಆರಕ್ಕೆ ಒಂದು ಸಲ, ಅಷ್ಟೇ. ಮಧ್ಯಾಹ್ನ ನೀರು ಮುಗಿದರೆ ಸಂಜೆವರೆಗೂ ಕೊಡದಲ್ಲಿ ಹೊತ್ತು ತರಬೇಕಿತ್ತು. ಕೇಳಿದರೆ "ನೀವು ಜಾಸ್ತಿ ಬಳಸ್ತೀರಿ" ಅನ್ನುತ್ತಿದ್ದರು. ಮಗಳು ಹುಟ್ಟಿದ ವರ್ಷ ಅದು ನನಗೆ ತುಂಬ ನೋವು ಕೊಟ್ಟಿತು. ಹಾಗಾಗಿ ಹೇಳುತ್ತಿದ್ದೇನೆ: ಮೇಲಿನ ಮನೆಗೆ ಬೇರೆ ಸಿಂಟೆಕ್ಸ್ ಇದೆಯಾ, ಮೋಟಾರ್ ಹಾಕುವ ಅಧಿಕಾರ ನಿಮಗಿದೆಯಾ ಅಂತ ಅಗ್ರಿಮೆಂಟಿಗೆ ಮುಂಚೆಯೇ ಮಾತಾಡಿ.

ಕರೆಂಟ್ ಮೀಟರೂ ಹಾಗೆಯೇ. ನಿಮ್ಮ ಮನೆಗೆ ಜೆಸ್ಕಾಂನ ಬೇರೆ ಮೀಟರ್ ಇದ್ದರೆ ಬಾಡಿಗೆಯವರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಹಿಂದಿನ ಬಳಕೆಯ ಸರಾಸರಿ ನೋಡಿ, 200 ಯೂನಿಟ್ಟಿನ ಮಿತಿಯೊಳಗೆ ಬಿಲ್ ಮನ್ನಾ ಆಗುತ್ತದೆ. ಇಡೀ ಮನೆಗೆ ಒಂದೇ ಮೀಟರ್ ಇದ್ದು, ಓನರ್ ಸಬ್‌ಮೀಟರ್ ಲೆಕ್ಕದಲ್ಲಿ ವಸೂಲಿ ಮಾಡಿದರೆ ಆ ಅನುಕೂಲ ನಿಮಗೆ ಸಿಗದು.

ಬಿಸಿಲಿನಲ್ಲಿ ಈ ಮನೆಗಳು ಸೋಲುತ್ತವೆ. ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿ ಮೇಲಿನ ಮಹಡಿ, ಅದರ ಮೇಲೆ ಬರೀ ಸ್ಲ್ಯಾಬು. ಮೂರು ಮಹಡಿಯ ಮನೆಯಲ್ಲಿ ನಡುವಿನದು ಸಿಕ್ಕರೆ ಎರಡು ಸಾವಿರ ಜಾಸ್ತಿಯಾದರೂ ಹಿಡಿಯಿರಿ ಅನ್ನುತ್ತೇನೆ. ಇನ್ನೊಂದು ಮಾತು. ಪಾರ್ವತಿ ನಗರ ಮುಖ್ಯ ರಸ್ತೆಯಂಥ ಕಡೆ ಈಗ ಅಂಗಡಿ, ಹೋಟೆಲು ತುಂಬಿವೆ. ಮುಖ್ಯ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ ಹೋದರೆ ಸದ್ದು ಅರ್ಧಕ್ಕೆ ಇಳಿಯುತ್ತದೆ, ಸೌಕರ್ಯ ಅಷ್ಟೇ ಹತ್ತಿರ ಇರುತ್ತದೆ.

ಫ್ಲ್ಯಾಟ್

ನೀರಿನ ಚಿಂತೆ ಹಂಚಿಹೋಗುತ್ತದೆ ಅನ್ನುವುದು ಫ್ಲ್ಯಾಟಿನ ದೊಡ್ಡ ಗುಣ. ದೊಡ್ಡ ಸಂಪು, ಬೋರು, ಬೇಕಾದಾಗ ಟ್ಯಾಂಕರ್ ತರಿಸುವ ಒಬ್ಬ ಮನುಷ್ಯ. ರಾತ್ರಿ ಎರಡಕ್ಕೆ ಎದ್ದು ನಳ ನೋಡುವ ಕೆಲಸ ನನಗೆ ತಪ್ಪಿ ಆರು ವರ್ಷವಾಯಿತು. ನಡು ಮಹಡಿಯಾದರೆ ಬಿಸಿಲೂ ಕಡಿಮೆ. ಲಿಫ್ಟ್ ಇದೆ, ಬೀಗ ಹಾಕಿ ಊರಿಗೆ ಹೋದರೆ ಭಯವಿಲ್ಲ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ಸಲೀಸು.

ಇದಕ್ಕೆ ಕೊಡುವ ಬೆಲೆ ತಿಂಗಳ ಮೇಂಟೆನೆನ್ಸ್. ಅದು ಬಾಡಿಗೆಯಂತೆಯೇ ಎಂದೂ ನಿಲ್ಲದ ಖರ್ಚು. ನೋಡಲು ಹೋದಾಗ ಸಂಘದ ಲೆಕ್ಕದ ಪುಸ್ತಕ ತೋರಿಸಲು ಕೇಳಿ. ಬೇಸಿಗೆ ತಿಂಗಳಲ್ಲಿ ಟ್ಯಾಂಕರಿಗೆ ಎಷ್ಟು ಹೋಗಿದೆ, ಎಷ್ಟು ಮನೆಯವರು ಬಾಕಿ ಉಳಿಸಿಕೊಂಡಿದ್ದಾರೆ, ಲಿಫ್ಟ್ ರಿಪೇರಿಗೆ ಕೂಡಿಟ್ಟ ದುಡ್ಡಿದೆಯಾ, ಎಲ್ಲ ಅದರಲ್ಲೇ ಇರುತ್ತದೆ. ಪುಸ್ತಕ ತೋರಿಸಲು ಹಿಂದೆಮುಂದೆ ನೋಡುವ ಕಟ್ಟಡವನ್ನು ನಾನಾದರೆ ಬಿಡುತ್ತೇನೆ.

ಕೊಳ್ಳುವುದಾದರೆ ಗೋಡೆಗಳ ಜತೆ ನೆಲದಲ್ಲಿ ನಿಮಗೆ ಬರುವ ಅವಿಭಜಿತ ಪಾಲು ಎಷ್ಟು ಅಂತ ಕ್ರಯಪತ್ರದಲ್ಲಿ ಓದಿ. ಮೂವತ್ತು ವರ್ಷದ ಮೇಲೆ ಕಟ್ಟಡ ಹಳತಾದಾಗ ಉಳಿಯುವ ಬೆಲೆ ಅದೇ. ಹೊಸ ಕಟ್ಟಡವಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರದ ನೋಂದಣಿ ನೋಡಿ. ಜಾಗ 500 ಚದರ ಮೀಟರ್ ಮೀರದ, ಇಲ್ಲವೇ ಮನೆಗಳು ಎಂಟು ಮೀರದ ಯೋಜನೆಗೆ ಅದು ಕಡ್ಡಾಯವಲ್ಲ. ಊರೊಳಗೆ ಹಳೆ ಮನೆ ಕೆಡವಿ ಕಟ್ಟುವ ಆರು ಮನೆಯ ಸಣ್ಣ ಕಟ್ಟಡಗಳು ಎಷ್ಟೋ ಸಲ ಈ ಲೆಕ್ಕದಿಂದ ಹೊರಗೆ ಉಳಿಯುತ್ತವೆ. ಅಲ್ಲಿ ಪರವಾನಗಿ ನಕ್ಷೆಯನ್ನು ನೀವೇ ತರಿಸಿ, ಕಟ್ಟಿರುವ ಮಹಡಿ ಎಣಿಸಿ ನೋಡಬೇಕು.

ಓಣಿಯ ಒಡನಾಟ ಇಲ್ಲಿ ತಾನಾಗಿ ಬರುವುದಿಲ್ಲ. ನಾವು ವರ್ಷಕ್ಕೊಮ್ಮೆ ಗಣಪತಿ ಕೂರಿಸುತ್ತೇವೆ, ಆ ದಿನಗಳಲ್ಲಿ ಎಲ್ಲ ಬಾಗಿಲೂ ತೆರೆದಿರುತ್ತವೆ. ಉಳಿದ ದಿನ ಹುಡುಕಿಕೊಂಡು ಹೋಗಬೇಕು.

ಕಂಟೋನ್ಮೆಂಟ್, ಕೌಲ್ ಬಜಾರ್

1800ರಲ್ಲಿ ಬಳ್ಳಾರಿ ನಿಜಾಮನಿಂದ ಬ್ರಿಟಿಷರ ಕೈಗೆ ಹೋದ ಮೇಲೆ ಸೈನ್ಯ ನೆಲೆಸಿದ ಜಾಗ ಕಂಟೋನ್ಮೆಂಟ್. ಇವತ್ತಿಗೂ ಅಲ್ಲಿ ಜಾಗ ಬಿಚ್ಚುಬಿಚ್ಚಾಗಿದೆ, ಮರ ಜಾಸ್ತಿ, ಸದ್ದು ಕಡಿಮೆ. 1961ರಲ್ಲಿ ಶುರುವಾದ ಮೆಡಿಕಲ್ ಕಾಲೇಜು, ಜನರ ಬಾಯಲ್ಲಿ ವಿಮ್ಸ್, ಅಲ್ಲೇ ಇರುವುದರಿಂದ ಸುತ್ತಮುತ್ತ ಒಂಟಿ ರೂಮು, ಸಣ್ಣ ಪೋರ್ಷನ್ ಸಿಗುತ್ತವೆ. ವೈದ್ಯ ವಿದ್ಯಾರ್ಥಿಗಳು ಬರುವ ಕಾಲಕ್ಕೆ ಬಾಡಿಗೆ ಏರುತ್ತದೆ, ಹಾಗಾಗಿ ಅದಕ್ಕೂ ಮುಂಚೆ ಹುಡುಕಿ.

ಕೌಲ್ ಬಜಾರ್ ಇದಕ್ಕೆ ಪೂರ್ತಿ ಬೇರೆ. ಮನೆಗೆ ಮನೆ ಅಂಟಿಕೊಂಡಿವೆ, ಹೊಲಿಗೆ ಮಷಿನ್ ಸದ್ದು, ಅಂಗಡಿ, ಜನ. ಕಡಿಮೆ ದುಡ್ಡಿನಲ್ಲಿ ಊರೊಳಗೆ ಇರಬೇಕು ಅನ್ನುವವರಿಗೆ ಇಲ್ಲಿ ದಾರಿಯಿದೆ. ಕೆಲಸ ಇಲ್ಲೇ ಇದ್ದರಂತೂ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ಸಂಪು ಮಾತ್ರ ಓಣಿ ಮನೆಯಂತೆಯೇ ಚಿಕ್ಕದು.

ಈ ಕಡೆ ಮನೆ ಮಾಡುವವರು ಪೇಟೆಗೆ ಹೋಗುವ ದಾರಿಯಲ್ಲಿ ರೈಲ್ವೆ ಹಳಿ ಎಲ್ಲಿ ದಾಟಬೇಕು ಅಂತ ನೋಡಿಕೊಳ್ಳಿ. ಗೇಟ್ ಹಾಕಿದರೆ ಕಾಯಬೇಕು. ಜೋರು ಮಳೆ ಬಂದರೆ ದುರ್ಗಮ್ಮ ಗುಡಿ ಹತ್ತಿರದ ಕೆಳಸೇತುವೆಯಲ್ಲಿ ನೀರು ನಿಲ್ಲುತ್ತದೆ. ಮಕ್ಕಳ ಶಾಲೆ ಹಳಿಯ ಆಚೆಗಿದ್ದರೆ ಇದು ದಿನನಿತ್ಯದ ಮಾತಾಗುತ್ತದೆ.

ಬಾಡಿಗೆಯಾ, ಲೀಜಾ, ಕೊಳ್ಳೋದಾ?

ಬಾಡಿಗೆ ಹೋಲಿಸುವಾಗ ಬರೀ ಬಾಡಿಗೆ ಹೋಲಿಸಬೇಡಿ. ಒಂದು ಮನೆಗೆ 9,000, ಇನ್ನೊಂದಕ್ಕೆ 11,000 ಅಂತ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಬೇಸಿಗೆಯಲ್ಲಿ ತಿಂಗಳಿಗೆ ನಾಲ್ಕು ಟ್ಯಾಂಕರ್ ಬೇಕು, ಒಂದಕ್ಕೆ 600 ಅಂದರೂ 2,400 ಆಯಿತು. ಅದರ ಮೇಲೆ ಪೆಟ್ರೋಲು, ಕರೆಂಟು. ಅಗ್ಗದ ಮನೆಯೇ ದುಬಾರಿಯಾಯಿತು ಅಲ್ವಾ? ಒಂದು ಹಾಳೆ ಮೇಲೆ ಇಡೀ ವರ್ಷದ ಲೆಕ್ಕ ಬರೆದು ನೋಡಿ.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ ರೂಢಿ. ಲೀಜ್ ಅಂದರೆ ಲಕ್ಷಗಟ್ಟಲೆ ದುಡ್ಡು ಒಟ್ಟಿಗೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ವಾಪಸು ಪಡೆಯುವುದು. ಕೇಳಲು ಸಿಹಿ. ಆದರೆ ಆ ಮನೆಯ ಮೇಲೆ ಆಗಲೇ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದೆ ಹೋದರೆ ನಿಮ್ಮ ದುಡ್ಡಿಗೆ ಆಸರೆ ಇಲ್ಲ. ಲೀಜ್ ಮಾಡುವವರೂ ಕೊಳ್ಳುವವರಂತೆಯೇ ಋಣಭಾರ ಪತ್ರ ತೆಗೆಸಬೇಕು, ಕರಾರು ನೋಂದಣಿ ಮಾಡಿಸಬೇಕು. ಅದಕ್ಕೆ ಓನರ್ ಒಪ್ಪದಿದ್ದರೆ ತಿಂಗಳ ಬಾಡಿಗೆಯೇ ಮೇಲು.

ಕೊಳ್ಳುವವರು ಇ-ಖಾತೆ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಇದೆಯಾ ಅಂತ ಮೊದಲ ದಿನವೇ ಕೇಳಿ. ಅದಿಲ್ಲದೆ ಈಗ ನೋಂದಣಿ ಆಗುವುದಿಲ್ಲ. ಮನೆ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ 5 ಮುದ್ರಾಂಕ ಶುಲ್ಕ, ಅದಕ್ಕೆ ಸೇರುವ ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಇವನ್ನೆಲ್ಲ ಕೈಯಲ್ಲಿ ಬೇರೆಯಾಗಿ ಇಟ್ಟುಕೊಂಡಿರಬೇಕು. ನನ್ನ ಅನುಭವದಲ್ಲಿ ಹೊಸದಾಗಿ ಊರಿಗೆ ಬರುವವರು ಒಂದು ಬೇಸಿಗೆಯಾದರೂ ಅದೇ ಬಡಾವಣೆಯಲ್ಲಿ ಬಾಡಿಗೆಗಿದ್ದು ನೋಡುವುದು ಒಳ್ಳೆಯದು.

ಆ ಮೂರು ಮನೆಯವರು

ನರ್ಸ್ ಹುಡುಗಿಗೆ ಕಂಟೋನ್ಮೆಂಟ್ ಕಡೆಯೇ ನೋಡು ಅಂದೆ. ರಾತ್ರಿ ಪಾಳಿ ಮುಗಿಸಿ ಬರುವಾಗ ಹಳಿ ದಾಟುವಂತಿರಬಾರದು, ಹಗಲು ಮಲಗುವವಳಿಗೆ ಸದ್ದೂ ಇರಬಾರದು. ಗಾಂಧಿನಗರದಲ್ಲಿ ಇದಕ್ಕಿಂತ ಚೆಂದದ ರೂಮು ಸಿಕ್ಕಿತ್ತು. ಅವಳು ದೂರ ಅಳೆದು ಅದನ್ನು ಬಿಟ್ಟಳು. ಈಗ ನಡೆದೇ ಹೋಗುತ್ತಾಳೆ. ಒಬ್ಬಳಿಗೆ ಓನರ್ ಸಂಪಿನ ನೀರೇ ಸಾಕು.

ಜೀನ್ಸ್ ದಂಪತಿಗೆ ಕೌಲ್ ಬಜಾರಿನಲ್ಲೇ ಇರಬೇಕಾ, ಮಕ್ಕಳ ಶಾಲೆ ಹತ್ತಿರ ಹೋಗಬೇಕಾ ಅನ್ನುವ ಗೊಂದಲ. ಗಂಡ-ಹೆಂಡತಿ ಇಬ್ಬರಿಗೂ ಗಾಡಿ ಓಡಿಸಲು ಬರುತ್ತದೆ, ಮಕ್ಕಳಿಗೆ ಬರುವುದಿಲ್ಲ. ದೊಡ್ಡವರು ಹಳಿ ದಾಟಲಿ ಅಂತ ತೀರ್ಮಾನಿಸಿದರು. ಗಾಂಧಿನಗರದ ಒಳಗಿನ ಅಡ್ಡರಸ್ತೆಯಲ್ಲಿ ನಡು ಮಹಡಿ ಸಿಕ್ಕಿತು, ಬೇರೆ ಮೀಟರ್ ಇದೆ. ಓನರ್ ಲೀಜ್ ಕೇಳಿದ್ದರು. ಋಣಭಾರ ಪತ್ರದಲ್ಲಿ ಬ್ಯಾಂಕ್ ಸಾಲ ಕಂಡದ್ದರಿಂದ ಬಾಡಿಗೆಗೇ ಮಾತಾಡಿದರು.

ಮೇಷ್ಟ್ರು ಇನ್ನೂ ಎರಡರ ನಡುವೆ ಇದ್ದಾರೆ. ಒಂದು ಲಿಫ್ಟ್ ಇರುವ ಕಟ್ಟಡದ ಎರಡನೇ ಮಹಡಿಯ ಫ್ಲ್ಯಾಟ್. ಇನ್ನೊಂದು ಕಾಳಮ್ಮ ಬೀದಿ ಕಡೆಯ ಓಣಿಯಲ್ಲಿ ಹಳೆ ಮಾಳಿಗೆ ಮನೆ. ಅವರ ಹೆಂಡತಿಗೆ ಓಣಿ ಮನೆ ಮನಸ್ಸಿಗೆ ಬಂದಿದೆ, ಗುಡಿ ಹತ್ತಿರ, ಮಾತಾಡಲು ಜನ. ಮಂಡಿ ನೋವಿರುವುದರಿಂದ ಮೆಟ್ಟಿಲಿಲ್ಲದ ಮನೆ ಅವರಿಗೆ ಒಳ್ಳೆಯದೇ. ಸಂಪು ಚಿಕ್ಕದು, ಆದರೆ ಇಬ್ಬರಿಗೆ ದಿನಕ್ಕೆ 270 ಲೀಟರ್ ಅಂದರೆ ಅದು ಎಂಟು ದಿನ ಬರುತ್ತದೆ. ಉಳಿದಿರುವುದು ಮಾರುವವರ ತಂಗಿಯೊಬ್ಬರ ಸಹಿ. ಅವರು ಗುಂತಕಲ್ಲಿನಲ್ಲಿದ್ದಾರೆ. ಸಹಿ ಬರುವವರೆಗೂ ಅಡ್ವಾನ್ಸ್ ಕೊಡಬೇಡಿ, ಬೇಕಾದರೆ ಅದೇ ಮನೆಯಲ್ಲಿ ಬಾಡಿಗೆಗೆ ಇರುತ್ತೇವೆ ಅಂತ ಕೇಳಿ ನೋಡಿ ಅಂದಿದ್ದೇನೆ. ಈ ಭಾನುವಾರ ಮಧ್ಯಾಹ್ನ ಮೂರಕ್ಕೆ ನಾವೆಲ್ಲ ಆ ಮನೆಗೆ ಹೋಗುತ್ತಿದ್ದೇವೆ. ತೊಲೆ ತಟ್ಟಿ ನೋಡಲು ಗೊತ್ತಿರುವ ಬಡಗಿಯೊಬ್ಬರಿಗೆ ಬರಲು ಹೇಳಿದ್ದೇನೆ.